ಮುಚ್ಚಳದ ಒಳಗೆ ನನ್ನ ಅಕ್ಷರ

2023ರ ಬೇಸಿಗೆ. ಅಫಜಲಪುರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ರೇಡಿಯೊದಿಂದ ಶುರು ಮಾಡಿ, ಟಿವಿ, ಡಿಶ್ ದಾಟಿ, ಆ ಹೊತ್ತಿಗೆ ಸಿಸಿ ಕ್ಯಾಮೆರಾಕ್ಕೆ ಬಂದು ನಿಂತಿದ್ದೆ. ಆಳಂದದಿಂದ ಹಿಡಿದು ಜೇವರ್ಗಿಯ ಕೊಳಕೂರದವರೆಗೆ ಯಾರ ಮನೆಯ ಕ್ಯಾಮೆರಾ ಕುರುಡಾದರೂ ನನಗೆ ಫೋನು ಬರುತ್ತಿತ್ತು. ಜನ ನನ್ನನ್ನು ‘ಕ್ಯಾಮೆರಾ ಕಾಕಾ’ ಅಂತಲೇ ಕರೆಯುತ್ತಾರೆ. ನೋಡಿದ ಮನೆಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಮಣ್ಣೂರಿನ ಮನೆಯೊಂದನ್ನು ನೆನೆದರೆ ಮಾತ್ರ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ಫೋನು ಮಾಡಿದವಳು ಮಹಾದೇವಿ, ಆ ಮನೆಯ ಸೊಸೆ. ಆಕೆಯ ಮಾವ, ಊರಿನ ದೊಡ್ಡ ಗೌಡರು, ತೀರಿಕೊಂಡು ಮೂರು ತಿಂಗಳಾಗಿತ್ತು. ಮನೆ, ಹೊಲ, ಎತ್ತುಗಳ ಜೊತೆಗೆ ಎಂಟು ಕ್ಯಾಮೆರಾಗಳೂ ಮಗ ಸೊಸೆಯ ಪಾಲಿಗೆ ಬಂದಿದ್ದವು. ಆದರೆ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಗೌಡರು ಅದನ್ನು ಹೇಳದೆಯೇ ಹೋಗಿಬಿಟ್ಟಿದ್ದರು.

ಭೀಮಾ ದಂಡೆಯ ದಾರಿ ಹಿಡಿದು ಮಣ್ಣೂರು ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಪಡಸಾಲೆಯ ಗೋಡೆಗೆ ದೊಡ್ಡ ಪರದೆ, ಅದರ ಮೇಲೆ ಎಂಟು ಚೌಕಗಳಲ್ಲಿ ಎಂಟು ಚಿತ್ರ. ಅವನ್ನೆಲ್ಲ ಒಂದು ಕಡೆ ಕೂಡಿಸಿ, ಒಳಗಿನ ಹಾರ್ಡ್ ಡಿಸ್ಕಿನಲ್ಲಿ ಬರೆದಿಡುವ ಡಬ್ಬಿಗೆ ಡಿವಿಆರ್ ಅನ್ನುತ್ತೇವೆ. ಚಿತ್ರ ಕಾಣುವುದು ಬೇರೆ, ಚಿತ್ರ ಉಳಿಯುವುದು ಬೇರೆ. ಕಾಣಲು ಡಿಸ್ಕ್ ಬೇಕಿಲ್ಲ, ಉಳಿಯಲು ಬೇಕು. ಓದುವವರು ಇದೊಂದನ್ನು ನೆನಪಿಟ್ಟರೆ ಸಾಕು.

ನಾನು ಆ ಎಂಟು ಚೌಕಗಳನ್ನು ನೋಡುತ್ತ ನಿಂತೆ. ಒಂದೇ ಒಂದು ಕ್ಯಾಮೆರಾ ಬಾಗಿಲಿನತ್ತ ಮುಖ ಮಾಡಿತ್ತು. ಉಳಿದ ಏಳೂ ಮನೆಯ ಒಳಗೆ. ಜೋಳದ ಕೋಣೆ, ದನದ ಕೊಟ್ಟಿಗೆ, ಹಿತ್ತಲ, ಆಳುಗಳು ಊಟಕ್ಕೆ ಕೂಡುವ ಜಾಗ. ಅಡುಗೆಮನೆಯದಂತೂ ರೊಟ್ಟಿ ಬಡಿಯುವವರ ಕೈಯ ಮೇಲೇ ಇಳಿದಿತ್ತು. ಕಳ್ಳ ಹೊರಗಿನಿಂದ ಬರುತ್ತಾನೆ ಎನ್ನುವ ನಂಬಿಕೆಯೇ ಆ ಮನುಷ್ಯನಿಗೆ ಇರಲಿಲ್ಲ. ಉಂಡ ತುತ್ತು ಎಣಿಸುವವರನ್ನು ನೋಡಿದ್ದೆ. ಅದಕ್ಕೊಂದು ಯಂತ್ರ ಕಟ್ಟಿದವರನ್ನು ಅವತ್ತೇ ನೋಡಿದ್ದು. ಹೇಸಿಗೆಯಾಯಿತು.

“ಹೊಸಾ ಪಾಸ್‌ವರ್ಡ್ ಮಾಡಿಕೊಡಬೇಕೇನು ತಂಗಿ?” ಎಂದು ಕೇಳಿದೆ.

“ಅದು ಆಮ್ಯಾಲ್ರಿ ಕಾಕಾ. ಮೊದ್ಲ ನನಗ ಒಂದ್ ದಿನದ್ ಚಿತ್ರ ತೆಗೆದು ತೋರಸ್ರಿ. ನಾ ಕಣ್ಣಾರೆ ನೋಡಬೇಕಾಗ್ಯದ.”

ಮೂರು ವರ್ಷದ ಹಿಂದೆ, ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ, ಮನೆ ಮಂದಿಯೆಲ್ಲ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದರಂತೆ. ಮನೆಯಲ್ಲಿ ಉಳಿದವಳು ಕೆಲಸದ ಚಂದಮ್ಮ ಒಬ್ಬಳೇ. ಸಂಜೆ ಬಂದು ನೋಡಿದರೆ ಸಂದೂಕಿನಲ್ಲಿದ್ದ ಅತ್ತೆಯ ಕಾಲದ ಚಿನ್ನದ ಪುತ್ತಳಿ ಸರ ಇಲ್ಲ. ಮರುದಿನ ಗೌಡರು ಊರ ಹೆಬ್ಬಾಗಿಲ ಅಗಸಿ ಮುಂದೆ, ಊರ ನಾಲ್ಕು ಮಂದಿಯ ನಡುವೆ ಚಂದಮ್ಮನನ್ನು ನಿಲ್ಲಿಸಿ, “ಎಲ್ಲಾ ಕ್ಯಾಮೆರಾದಾಗ ಬಂದದ” ಎಂದರಂತೆ. ಆ ದಿನದ್ದನ್ನು ಡಬ್ಬಿಯೊಳಗೆ ಬೇರೆ ತೆಗೆದು ಇಟ್ಟಿದ್ದೇನೆ ಎಂದೂ ಹೇಳಿದರಂತೆ. ಅಷ್ಟಾದ ಮೇಲೆ ಯಾರು ತಾನೇ ಏನು ಕೇಳುತ್ತಾರೆ? ಚಂದಮ್ಮ ತುಟಿ ಬಿಚ್ಚದೆ ಊರು ಬಿಟ್ಟಳು.

“ನಾ ಮದುವ್ಯಾಗಿ ಬಂದಾಗ ನನಗ ರೊಟ್ಟಿ ಬಡಿಯೂದು ಕಲಿಸಿದಾಕಿ ರೀ ಆಕಿ. ನನ್ನ ಎರಡೂ ಬಾಣಂತನ ಆಕೀದೇ ಕೈ. ಮೂರು ವರ್ಷ ಆಯ್ತು, ಆಕೀನ ಕಳ್ಳಿ ಅನ್ಲಿಕ್ಕೂ ನನಗ ಆಗವಲ್ದು, ಅಲ್ಲ ಅನ್ಲಿಕ್ಕೂ ಆಗವಲ್ದು. ಒಮ್ಮೆ ನೋಡಿಬಿಟ್ರ ಮನಸ್ಸು ಒಂದ್ ಕಡೀಗಿ ಆಗ್ತದ.”

ಡಿಸ್ಕು ತುಂಬಿದಂತೆ ಹಳೆಯ ಚಿತ್ರದ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ, ಮೂರು ವರ್ಷದ್ದು ಸಿಗುವುದು ಕಷ್ಟ ಎಂದೆ. ಬೇರೆ ತೆಗೆದಿಟ್ಟಿದ್ದರೆ ಮಾತು ಬೇರೆ. ಮೊದಲು ಪಾಸ್‌ವರ್ಡಿನ ಬೀಗ ತೆಗೆಯಬೇಕು. ನಮ್ಮ ಕಡೆಯ ಹಿರಿಯರು ಪಾಸ್‌ವರ್ಡಿಗೆ ಬಹಳ ದೂರ ಹೋಗುವುದಿಲ್ಲ. ಮನೆದೇವರ ಹೆಸರು, ಟ್ರ್ಯಾಕ್ಟರಿನ ನಂಬರು, ಇಲ್ಲವೇ ತಮ್ಮದೇ ಹೆಸರು.

“ಗೌಡರ ಪೂರಾ ಹೆಸರು ಹೇಳು ತಂಗಿ.”

ಆಕೆ ನಾಲಿಗೆ ಕಚ್ಚಿದಳು. “ಅಯ್ಯ, ಮಾವನೋರ ಹೆಸರು ನನ್ನ ಬಾಯಾಗ ಹ್ಯಾಂಗ ತೆಗೀಲ್ರಿ ಕಾಕಾ!”

ಸತ್ತವರ ಹೆಸರನ್ನೂ ಸೊಸೆ ಹೇಳಬಾರದು. ಗಂಡ ಹೊಲಕ್ಕೆ ಹೋಗಿದ್ದ. ಕಡೆಗೆ ಆಕೆ ಹಿಟ್ಟು ನಾದುವ ಕೊಣಮಿಗೆಯಲ್ಲಿದ್ದ ಜೋಳದ ಹಿಟ್ಟನ್ನು ಹರವಿ, ಬೆರಳಿನಿಂದ ಹೆಸರು ಬರೆದು ತೋರಿಸಿ, ನಾನು ಓದಿದೊಡನೆ ಅಳಿಸಿದಳು. “ನಾ ಹೇಳಿಲ್ಲ ನೋಡ್ರಿ ಮತ್ತ” ಎಂದು ನಕ್ಕಳು. ನಾನೂ ನಕ್ಕೆ. ಆ ಮನೆಯಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಹೆಸರು ನಡೆಯಲಿಲ್ಲ. ದೇವರೂ ನಡೆಯಲಿಲ್ಲ, ಟ್ರ್ಯಾಕ್ಟರೂ ನಡೆಯಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ. ಡಬ್ಬಿ ಬಿಚ್ಚಿದರೆ ಒಳಗಿನ ಬೋರ್ಡಿನ ಮೇಲೆ ಒಂದು ಸಣ್ಣ ಗುಂಡಿ ಇರುತ್ತದೆ, ಅದನ್ನು ಒತ್ತಿ ಹಿಡಿದು ಕರೆಂಟು ಕೊಟ್ಟರೆ ಹಳೆಯ ಪಾಸ್‌ವರ್ಡು ಅಳಿಸುತ್ತದೆ. ನಾಲ್ಕು ತಿರುಪು ತೆಗೆದೆ. ಮುಚ್ಚಳ ಎತ್ತಿದೊಡನೆ ಒಳಗೆ ಅಡಗಿದ್ದ ಜೊಂಡಿಗ್ಯಾಗಳು, ಅದೇ ಜಿರಳೆಗಳು, ನನ್ನ ಕೈಮೇಲೆ ಹರಿದುಹೋದವು. ಮೂಲೆಯಲ್ಲಿ ಒಣಗಿ ಸತ್ತ ಹಲ್ಲಿ. ಡಿಸ್ಕ್ ಕೂಡಬೇಕಾದ ಜಾಗ ಖಾಲಿ.

ಮುಚ್ಚಳ ತಿರುವಿ ನೋಡಿದೆ. ಒಳಮೈಯಲ್ಲಿ ಕಪ್ಪು ಮಾರ್ಕರಿನ ಅಕ್ಷರ: ‘ಡಿಸ್ಕ್ ಸತ್ತಿದೆ, ತೆಗೆದಿದೆ. ಬಜರ್ ಬಂದ್.’ ಅದರ ಕೆಳಗೆ 2019ರ ಸೆಪ್ಟೆಂಬರ್ ತಿಂಗಳ ತಾರೀಖು.

ಅದು ನನ್ನದೇ ಅಕ್ಷರ.

ಆಳಂದದಲ್ಲಿ ನನಗೆ ರೇಡಿಯೊ ಕೆಲಸ ಕಲಿಸಿದ ಉಸ್ತಾದರು ಹಚ್ಚಿದ ರೂಢಿ ಇದು. “ಬಿಚ್ಚಿದ ಡಬ್ಬಿ ಸುಮ್ನ ಮುಚ್ಚಬ್ಯಾಡ. ಏನ್ ಮಾಡೀದಿ ಒಳಗ ಬರೀ. ಮುಂದ ಬಿಚ್ಚಾಂವ ಕುರುಡನಂಗ ತಡಕಾಡಬಾರ್ದು” ಅನ್ನುತ್ತಿದ್ದರು. ನಲವತ್ತು ವರ್ಷದಿಂದ ಬರೆಯುತ್ತ ಬಂದಿದ್ದೇನೆ. ನಾನು ಬರೆದದ್ದನ್ನು ಮುಂದೆ ಬಿಚ್ಚುವವನು ನಾನೇ ಆಗಿರುತ್ತೇನೆ ಎಂದು ಅಂದುಕೊಂಡಿರಲಿಲ್ಲ.

ಆಗ ನೆನಪಾಯಿತು. ಒಬ್ಬ ಹಿರಿಯರು ಜೀಪಿನಲ್ಲಿ ಅಂಗಡಿಗೆ ಬಂದಿದ್ದರು, ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು. ಎಲ್ಲಿಯವರು ಎಂದು ನಾನು ಕೇಳಲೂ ಇಲ್ಲ. ಡಿಸ್ಕ್ ಕೆಟ್ಟರೆ ಡಿವಿಆರ್ ಎಡಬಿಡದೆ ‘ಪೀಂ ಪೀಂ’ ಎಂದು ಕೂಗುತ್ತದೆ. ಆ ಕೂಗಿಗೆ ಬಜರ್ ಅನ್ನುತ್ತಾರೆ. ಅದು ಅವರ ತಲೆ ತಿಂದಿತ್ತು.

“ಡಿಸ್ಕ್ ಸತ್ತದ್ರಿ. ಹೊಸಾದು ಹಾಕಬೇಕು” ಎಂದಿದ್ದೆ.

“ಹೊಸಾದು ಬ್ಯಾಡ. ಇದರ ಬಾಯಿ ಮುಚ್ಚಸು, ಸಾಕು.”

“ರೆಕಾರ್ಡ್ ಆಗಂಗಿಲ್ರಿ ಮತ್ತ.”

“ಪರದೆ ಮ್ಯಾಲ ಚಿತ್ರ ಬರ್ತದಿಲ್ಲೋ?”

“ಬರ್ತದ್ರಿ. ಒಳಗ ಡಿಸ್ಕ್ ಇಲ್ಲಂತ ಯಾರಿಗಿ ತಿಳೀತದ, ಬಿಡ್ರಿ” ಎಂದು ನಾನು ಹಲ್ಲು ಕಿರಿದಿದ್ದೆ. ಅವರೂ ನಕ್ಕಿದ್ದರು. ಮುಂದೆ ಅಗಸಿ ಮುಂದೆ ಸುಳ್ಳು ಹೇಳುವ ಧೈರ್ಯವನ್ನು ಅವರಿಗೆ ಕೊಟ್ಟವನು ನಾನೇ.

ಸೆಪ್ಟೆಂಬರಿನಲ್ಲಿ ಡಿಸ್ಕ್ ತೆಗೆದಿದ್ದು, ಸರ ಹೋಗಿದ್ದು ಅದೇ ವರ್ಷದ ಎಳ್ಳಮಾಸಿಗೆ. ಮೂರು ತಿಂಗಳ ಮೊದಲೇ ಆ ಡಬ್ಬಿಗೆ ನೆನಪು ಹೋಗಿತ್ತು. ಮನೆಯಲ್ಲಿ ಇಂಟರ್ನೆಟ್ಟೂ ಇರಲಿಲ್ಲ, ಹೊಲದಲ್ಲಿ ಕೂತು ಮೊಬೈಲಿನಲ್ಲಿ ನೋಡಿದರು ಎನ್ನಲೂ ಬರುವುದಿಲ್ಲ. ಗೌಡರು ಏನನ್ನೂ ಕಂಡಿರಲಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿದ್ದರು.

ಅಷ್ಟರಲ್ಲಿ ಮಹಾದೇವಿಯ ಗಂಡ, ಸಣ್ಣ ಗೌಡ, ಹೊಲದಿಂದ ಬಂದ. ಇಬ್ಬರಿಗೂ ಮುಚ್ಚಳ ತೋರಿಸಿ ಇದ್ದದ್ದು ಇದ್ದಂತೆ ಹೇಳಿದೆ. ಅವನು ಮುಚ್ಚಳ ಕೈಗೆ ತೆಗೆದುಕೊಂಡು ಓದಿದ. ಆಮೇಲೆ ಮೆಲ್ಲಗೆ, “ಕಾಕಾ, ಹೊಸಾ ಡಿಸ್ಕ್ ಹಾಕಿ ಮುಚ್ಚಿಬಿಡ್ರಿ. ಹಳೀದು ಕೆಟ್ಟಿತ್ತು, ಚಿತ್ರ ಸಿಗಲಿಲ್ಲ ಅಂತ ಆಗ್ಲಿ. ಸತ್ತವ್ರ ಹೆಸರು ಯಾಕ ಕೆಡಸ್ತೀರಿ?” ಎಂದ.

ನಿಜ ಹೇಳುತ್ತೇನೆ, ಆ ಮಾತು ನನಗೂ ಹಿತವಾಗಿತ್ತು. ‘ಡೇಟಾ ಹೋಯಿತು’ ಎಂದರೆ ನಮ್ಮ ಧಂದೆಯಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ನನ್ನ ಹೆಸರೂ ಉಳಿಯುತ್ತಿತ್ತು.

ಮಹಾದೇವಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. “ಸತ್ತವ್ರ ಹೆಸರಿಗಿ ನಿಮಗ ಇಷ್ಟು ಸಂಕಟ ಆಗಾಕತ್ತದ. ಬದುಕಿದಾಕಿ ಹೆಸರಿಗಿ ಆಕಿಗೆಷ್ಟು ಆಗಿರಬೇಕು?” ಅವನು ಎದ್ದು ಹೋದ. ಆಕೆ ನನ್ನತ್ತ ತಿರುಗಿ, “ಕಾಕಾ, ಆ ಮುಚ್ಚಳ ತಗೋರಿ. ನಡೀರಿ” ಎಂದಳು.

ಚಂದಮ್ಮ ಚೌಡಾಪುರದಲ್ಲಿ, ಗಾಣಗಾಪುರಕ್ಕೆ ಹೋಗುವ ಭಕ್ತರು ಇಳಿದು ಉಣ್ಣುವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮುಂದೆ ಕೂತ ಸಣಕಲು ಹೆಂಗಸು. ಮಹಾದೇವಿಯನ್ನು ಕಂಡು ಏಳಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

“ಏನ್ ಬೇ ಸಣ್ಣ ಗೌಡತಿ, ಇಲ್ಲೀಗೂ ಕ್ಯಾಮೆರಾ ಹಚ್ಚಾಕ ಬಂದೀಯೇನು?”

ನಾನು ಎದುರಿಗೆ ಕುಕ್ಕುರುಗಾಲಲ್ಲಿ ಕೂತು, ಮುಚ್ಚಳ ತೋರಿಸಿ, ಎಲ್ಲ ಹೇಳಿದೆ. ಡಬ್ಬಿಯಲ್ಲಿ ಏನೂ ಇರಲಿಲ್ಲ, ಏನೂ ಇರಲು ಸಾಧ್ಯವೇ ಇರಲಿಲ್ಲ, ಹಾಗೆ ಮಾಡಿದವನು ನಾನು ಎಂದೆ. ಬಡಿಯುವ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿದ್ದರೂ ಆಕೆ ತೆಗೆಯಲಿಲ್ಲ.

“ಹಂಗಾದ್ರ ನಾ ತಗೊಂಡಿಲ್ಲೇನು?” ಎಂದಳು.

ನನಗೆ ಅರ್ಥವಾಗಲಿಲ್ಲ.

“ಯಪ್ಪಾ, ಮಿಷನ್ ಸುಳ್ಳ ಹೇಳ್ತದೇನು ಅಂದ್ಕೊಂಡಿದ್ನಿ. ನಾ ಒಳಗ ಹೋಗಿಲ್ಲಂತ ನನಗ ಗೊತ್ತು. ಆದ್ರೂ ಅಷ್ಟು ದೊಡ್ಡ ಮನುಷ್ಯಾ ಕ್ಯಾಮೆರಾದಾಗ ಬಂದದ ಅಂದಾಗ, ಬುದ್ಧಿ ಭ್ರಮಣಿ ಆಗಿ ಹೋಗಿದ್ನೇನೋ, ತಗೊಂಡು ಎಲ್ಲೋ ಇಟ್ಟು ಮರ್ತೇನೇನೋ ಅಂತ ಮೂರು ವರ್ಷ ನನ್ನ ಟ್ರಂಕ್ ನಾನೇ ಹುಡಿಕೇನಿ.”

ನನ್ನ ಕೆಲಸದ ಮೇಲೆ, ನನ್ನ ಹಲ್ಲುಕಿರಿತದ ಮೇಲೆ ಆ ಹೊತ್ತು ನನಗೆ ಹುಟ್ಟಿದ ಅಸಹ್ಯವನ್ನು ಬರೆದು ತೋರಿಸಲಾರೆ. ಕಳ್ಳಿ ಎಂದು ಊರು ನಂಬಿತ್ತು, ಅದು ಒಂದು ಮಾತು. ಆಕೆಯೇ ನಂಬುವಂತೆ ಮಾಡಿದ್ದೆವು.

“ತಪ್ಪಾಯ್ತು ಯವ್ವಾ” ಎಂದೆ. ಮಹಾದೇವಿ ಅಳುತ್ತ, ಮನೆಗೆ ಬಾ ಎಂದು ಆಕೆಯ ಕೈ ಹಿಡಿದಳು.

ಚಂದಮ್ಮ ಕರಕಾದ ರೊಟ್ಟಿಯನ್ನು ಒಲೆಗೇ ತಳ್ಳಿದಳು. “ಈ ಒಲಿ ಮುಂದ ಹೇಳಿದ್ರ ಏನ್ ಬಂತೋ ತಮ್ಮಾ? ನನ್ನ ಕಳ್ಳಿ ಅಂದಿದ್ದು ಅಗಸಿ ಮುಂದ. ಅಲ್ಲಿ ಬಂದು ಹೇಳು.”

ಆಕೆ ಕೇಳಿದ್ದು ಅದೊಂದನ್ನೇ. ಮುಂದಿನ ಸೋಮವಾರ ಬೆಳಿಗ್ಗೆ ಮೂವರೂ ಮಣ್ಣೂರಿನ ಅಗಸಿ ಮುಂದೆ ನಿಂತೆವು. ಕಟ್ಟೆಯ ಮೇಲೆ ಯಾವಾಗಲೂ ಕೂಡುವ ಹಿರಿಯರೆಲ್ಲ ಇದ್ದರು. ಸಣ್ಣ ಗೌಡ ಬರಲಿಲ್ಲ. ನಾನು ಮುಚ್ಚಳವನ್ನು ಎತ್ತಿ ಹಿಡಿದು, ಬರೆದದ್ದನ್ನು ಓದಿ, ತಾರೀಖು ಹೇಳಿ, ಡಿಸ್ಕ್ ಇಲ್ಲದ ಡಬ್ಬಿಯಲ್ಲಿ ಯಾರ ಮುಖವೂ ಉಳಿಯುವುದಿಲ್ಲ ಎಂದು ತಿಳಿಯುವಂತೆ ವಿವರಿಸಿದೆ. ಸರ ಎಲ್ಲಿ ಹೋಯಿತು ಎನ್ನುವುದು ನನಗೆ ಗೊತ್ತಿಲ್ಲ, ಗೌಡರಿಗೂ ಗೊತ್ತಿರಲಿಲ್ಲ ಎಂದೆ. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಒಬ್ಬರು ತಂಬಾಕು ತಿಕ್ಕುತ್ತ, “ನಮಗ ಆವಾಗೇ ಡೌಟ್ ಇತ್ತು ಬಿಡ್ರಿ. ಚಂದಮ್ಮ ಅಂಥಾಕಿ ಅಲ್ಲ” ಎಂದರು. ಪಕ್ಕದವರು, “ಹೌದ್ಹೌದು, ಎಲ್ಲಾರಿಗೂ ಗೊತ್ತಿತ್ತು” ಎಂದು ತಲೆಯಾಡಿಸಿದರು. ಇವರು ಅಗಸಿಯೊಳಗಿನ ಜೊಂಡಿಗ್ಯಾಗಳು ಅಂದುಕೊಂಡೆ.

ಡಬ್ಬಿ ಕೆಟ್ಟರೆ ಸರಿ ಮಾಡಬೇಕು, ಇಲ್ಲವೇ ಕೆಟ್ಟಿದೆ ಎಂದು ಎಲ್ಲರಿಗೂ ಕೇಳುವಂತೆ ಬಿಡಬೇಕು. ಕೆಟ್ಟದ್ದು ಗೊತ್ತಾಗದಂತೆ ಮುಚ್ಚಿ ಕೊಡುವುದು ರಿಪೇರಿ ಅಲ್ಲ. ನಲವತ್ತು ವರ್ಷದ ಕೆಲಸದಲ್ಲಿ ಇದನ್ನು ನಾನು ಕಲಿತದ್ದು ಮಣ್ಣೂರಿನಲ್ಲಿ, ಅದೂ ಇನ್ನೊಬ್ಬಳ ಮೂರು ವರ್ಷ ಕಳೆದು. ಅವತ್ತು ಅಗಸಿ ಮುಂದೆ ಚಂದಮ್ಮ ಕಟ್ಟೆಯ ಒಬ್ಬೊಬ್ಬರ ಮುಖವನ್ನೂ ನಿಧಾನಕ್ಕೆ ನೋಡಿ ಕೇಳಿದಳು.

“ಎಲ್ಲಾರಿಗೂ ಗೊತ್ತಿತ್ತೇನ್ರಿ? ಹಂಗಾದ್ರ ಅವತ್ತು ಬಾಯಾಗ ಏನ್ ಇಟ್ಕೊಂಡಿದ್ರಿ?”

ಉತ್ತರಕ್ಕೆ ಕಾಯದೆ ಆಕೆ ಚೌಡಾಪುರದ ಬಸ್ಸಿಗೆ ನಡೆದಳು. ಖಾನಾವಳಿಯಲ್ಲಿ ಮಧ್ಯಾಹ್ನದ ರೊಟ್ಟಿಗೆ ಹೊತ್ತಾಗಿತ್ತು.