ದೀಪ ಹಚ್ಚುವ ಹೊತ್ತಿನ ಗಿಟಾರ್

ಮೂರು ಸಂಜೆಯಲ್ಲಿ ಮನೆಯೊಳಗೆ ಯಾರೂ ಅಳಬಾರದು. ವಿಜಯಪುರದ ಕಡೆಯಿಂದ ಭಾಂಡುಪ್‌ನ ಚಾಳಿಗೆ ಬರುವಾಗ ನಮ್ಮವ್ವ ಈ ಕಟ್ಟಳೆಯನ್ನೂ ಗಂಟು ಕಟ್ಟಿಕೊಂಡೇ ಬಂದಿದ್ದಳು. ನನ್ನ ಗಿಟಾರಿಗೂ ಅದರಿಂದ ವಿನಾಯಿತಿ ಇರಲಿಲ್ಲ. ನಾನು ನುಡಿಸುವುದು ಬ್ಲೂಸ್ ರಾಕ್. ತಂತಿಯನ್ನು ಬೆರಳಲ್ಲಿ ಎಳೆದು ಬಗ್ಗಿಸಿದರೆ ಸ್ವರ ನರಳುತ್ತದೆ.

"ಯಾರು ಸತ್ತಾರಂತ ಅದನ್ನ ಅಳಸಾಕತ್ತಿ? ದೀಪ ಹಚ್ಚೂ ಹೊತ್ತಾತು!" ಎಂದು ಅವ್ವ ಒಳಗಿನಿಂದ ಕೂಗುತ್ತಿದ್ದಳು. ಆಗ ತಂತಿ ಎಳೆಯದೆ ಏನಾದರೂ ಸಿಹಿಯಾದದ್ದನ್ನು ಮೀಟುತ್ತಿದ್ದೆ. ಅವಳು ಕೈಮುಗಿದು ಎದ್ದಳೋ, ಮತ್ತೆ ಅಳು ಶುರು.

ಈ ಸಲದ ಆಲ್ಬಮ್ಮಿಗೆ ಕಾಂದಿವಲಿಯ ಸ್ಟುಡಿಯೊ ಗೆಳೆಯ, "ಥೋಡಾ ಪಾಪ್ ರಖ್ ಯಾರ್, ಗಿಟಾರ್ ಲಂಬಾ ಹುವಾ ತೋ ಲೋಗ್ ಸ್ಕಿಪ್ ಕರ್ತೇ ಹೈ" ಎಂದ. ಸ್ವಲ್ಪ ಪಾಪ್ ಇರಬೇಕಂತೆ, ಗಿಟಾರ್ ಉದ್ದವಾದರೆ ಜನ ಹಾಡನ್ನೇ ದಾಟಿಸಿ ಮುಂದೆ ಹೋಗುತ್ತಾರಂತೆ. ಹಳೆಯ ಆಲ್ಬಮ್ಮುಗಳನ್ನು ಕೇಳಿದವರು ನೆಂಟರಷ್ಟೇ, ಅದೂ ದಾಕ್ಷಿಣ್ಯಕ್ಕೆ. ನಾಲ್ಕು ಜನ ನನ್ನ ಹಾಡು ಗುನುಗಲಿ ಎಂಬ ಆಸೆ ನನಗೂ ಇತ್ತು. ಒಪ್ಪಿದೆ. ಹಾಡು ಹಾಡಿಗೂ ಗಿಟಾರ್ ಹಿಂದೆ ಸರಿಯಿತು. ಕೊನೆಯ ಹಾಡಿನಲ್ಲಿ ಅದೊಂದೇ ನುಡಿಯುವ ದೊಡ್ಡ ಭಾಗ ಪೂರ್ತಿ ಹಾರಿಹೋಯಿತು.

ಎಲ್ಲ ಮುಗಿದ ಮೇಲೆ ಹಾಡುಗಳನ್ನು ಫೋನಿಗೆ ಹಾಕಿಸಿಕೊಂಡು ಹೊರಟೆ. ರಾತ್ರಿಯೊಳಗೆ ನಾನು ಹೂಂ ಎಂದರೆ ಬಿಡುಗಡೆ. ಲೋಕಲ್‌ನಲ್ಲಿ ಕೇಳಿದೆ, ಚೆನ್ನಾಗಿತ್ತು. ದಾದರ್‌ನಲ್ಲಿ ಗಾಡಿ ಬದಲಿಸಿ ಮತ್ತೆ ಕೇಳಿದೆ. ಚೆನ್ನಾಗಿಯೇ ಇತ್ತು, ಅದಕ್ಕೇ ಮೈ ಉರಿಯಿತು. ಸೀಟು ಸಿಕ್ಕರೂ ಕೂರಲಾಗದೆ ಬಾಗಿಲಿಗೆ ಹೋದೆ, ಅಲ್ಲೂ ನಿಲ್ಲಲಾಗಲಿಲ್ಲ. ಇದು ನನ್ನದು ಹೌದೋ ಅಲ್ಲವೋ ಎಂದು ಯಾರನ್ನು ಕೇಳುವುದು?

ಅಳು ಇಲ್ಲದ ಗಿಟಾರ್ ಅವ್ವನಿಗಾದರೂ ಹಿಡಿಸೀತೆಂದು ಮನೆಗೆ ಬಂದವನೇ ಅವಳ ಮುಂದೆ ಹಚ್ಚಿದೆ. ತಲೆದೂಗಿದಳು, ಒಂದೆರಡು ಕಡೆ ಗುನುಗಿದಳು ಕೂಡ. ಕೊನೆಯ ಹಾಡು ನಿಂತ ಮೇಲೂ ಫೋನನ್ನೇ ನೋಡುತ್ತ ಕುಳಿತಳು.

"ಛಲೋ ಅದಾವ. ಆದ್ರ ಎಲ್ಲಾ ದೀಪ ಹಚ್ಚೂ ಹೊತ್ತಿನವು. ಉಳಿದ ದಿನ ಎಲ್ಲಿ ಹೋತು?"

"ನೀನ ಬ್ಯಾಡ ಅಂತಿದ್ದೆಲ್ಲ!" ಎಂದು ರೇಗಿದೆ.

"ಆ ಒಂದು ಹೊತ್ತು ಬ್ಯಾಡ ಅಂದಿದ್ದೆ. ಜನ್ಮಪೂರ್ತಿ ಬ್ಯಾಡ ಅಂದಿದ್ನೇನು?"

ಹೊರಗೆ ಕತ್ತಲಾಗುತ್ತಿತ್ತು, ಕಾಂದಿವಲಿಯಿಂದ ಫೋನ್ ಬಡಿದುಕೊಳ್ಳುತ್ತಿತ್ತು. ಅವ್ವ ದೇವರ ಮುಂದೆ ಕುಳಿತು ಬತ್ತಿ ಹೊಸೆದಳು, ಎಣ್ಣೆ ಹಾಕಿದಳು. ಕಡ್ಡಿ ಮಾತ್ರ ಗೀರಲಿಲ್ಲ. ಕಡ್ಡಿಪೆಟ್ಟಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮೂಲೆಯಲ್ಲಿದ್ದ ಗಿಟಾರಿನತ್ತ ನೋಡಿ ನನ್ನ ಕಡೆ ತಿರುಗಿದಳು.

"ಹೂಂ, ಲಗೂನ ಅಳಸು ಅದನ್ನ. ದೀಪ ಆಮ್ಯಾಲ ಹಚ್ತೀನಿ."