ಓವನ್ ಕೆಟ್ಟಿದ್ದ ವಾರ

ನನ್ನ ಪಿಎಚ್.ಡಿ. ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿರುವ ಪುಡಿಯನ್ನು ನಾನು ಮೈಕ್ರೋವೇವ್ ಓವನ್ನಿನಲ್ಲಿ ಮಾಡಲಿಲ್ಲ. ಮಾಡಿದೆ ಎಂದು ಬರೆದೆ. ಮುಂದೆ ಹೇಳುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಯಾವುದು ಮೊದಲು, ಯಾವುದು ನಂತರ ಎಂಬುದು ನೆನಪಿನಲ್ಲಿ ಕಲೆಸಿಹೋಗಿದೆ. ದಿನವೂ ಡೈರಿ ಬರೆಯುವ ನಾನು ಆ ದಿನಗಳ ಬಗ್ಗೆ ಏನೂ ಬರೆದಿಟ್ಟಿಲ್ಲ—ಯಾಕೆ ಬರೆಯಲಿಲ್ಲ ಎಂದು ಕೇಳಿಕೊಂಡರೆ... ಮೊದಲ ಎರಡು ವಾಕ್ಯಗಳಲ್ಲಿ ಮಾತ್ರ ತಪ್ಪಿಲ್ಲ.

ಅದು ಎರಡು ಸಾವಿರದ ಇಸವಿಯ ಆಸುಪಾಸು. ಅಪ್ಪ ಗದಗಿನಿಂದ ರೈಲ್ವೆ ವರ್ಗಾವಣೆಯಲ್ಲಿ ನಾಗಪುರಕ್ಕೆ ಬಂದು ಇಲ್ಲೇ ನಿಂತಿದ್ದರು. ನಾನು ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಲ್ಯಾಬಿನ ಓವನ್ ಅಡುಗೆಮನೆಯ ಓವನ್ನೇ. ಹೊಗೆ ಹೋಗಲೆಂದು ಬೆನ್ನಿಗೊಂದು ತೂತು ಕೊರೆಸಿದ್ದರು. ಝಿಂಕ್ ನೈಟ್ರೇಟ್, ಯೂರಿಯಾ ಕಲೆಸಿ ಒಳಗಿಟ್ಟರೆ ಕುದಿದು, ಉಬ್ಬಿ, ಒಂದು ಕ್ಷಣ ಹೊತ್ತಿಕೊಂಡು ಬಿಳಿ ಪುಡಿಯಾಗುತ್ತದೆ—ಝಿಂಕ್ ಆಕ್ಸೈಡ್. ಕಣಗಳು ಸಣ್ಣವಾದಷ್ಟೂ ಸೋರುವ ಅಡುಗೆ ಅನಿಲವನ್ನು ಅದು ಬೇಗ ಗುರುತಿಸುತ್ತದೆ. ನನ್ನ ಪುಡಿ ಗಂಟು ಕಟ್ಟುತ್ತಿತ್ತು.

ಪ್ರಬಂಧದ ಸಾರಾಂಶ ಸಲ್ಲಿಸಲು ಕೆಲವೇ ದಿನಗಳಿರುವಾಗ ಓವನ್ ಕೆಟ್ಟಿತು. ಕಲೆಸಿದ್ದು ಹಾಳಾಗಬಾರದೆಂದು ಪಕ್ಕದ ಕೋಣೆಯ ಮಾಮೂಲಿ ವಿದ್ಯುತ್ ಕುಲುಮೆಯಲ್ಲಿಟ್ಟೆ. ಹೊರತೆಗೆದಾಗ ಊದಿದರೆ ಹಾರುವಂಥ ಪುಡಿ. ಅನಿಲ ಬಿಟ್ಟು ಪರೀಕ್ಷೆ ಮಾಡಿದರೆ ಮೀಟರಿನ ಮುಳ್ಳು ತಟ್ಟನೆ ಎದ್ದಿತು. ಆದರೆ ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿದ್ದ ಶೀರ್ಷಿಕೆಯಲ್ಲಿಯೇ ಮೈಕ್ರೋವೇವ್ ಎಂದಿತ್ತು. ‘ಮೈಕ್ರೋವೇವ್, ನಾಲ್ಕು ನಿಮಿಷ’ ಎಂದು ಬರೆದೆ. ಓವನ್ ರಿಪೇರಿಯಾಗಿ ಬಂದ ಮೇಲೆ ಅದರಲ್ಲೇ ಮಾಡಿ ಮಾತು ನಿಜ ಮಾಡುತ್ತೇನೆ ಅಂದುಕೊಂಡೆ. ಬಂತು. ಎರಡು ಸಲ ಮಾಡಿದೆ. ಗಂಟು. ಮೂರನೆಯ ಸಲ ಮಾಡಲಿಲ್ಲ.

ಮೂರು ವರ್ಷದ ಮೇಲೆ ನನ್ನ ತಂಗಿ ಶೈಲಾ ಅದೇ ಲ್ಯಾಬಿಗೆ, ಅದೇ ಗೈಡ್ ಕೈಕೆಳಗೆ ಸೇರಿದಳು. ಅಕ್ಕನ ಪುಡಿ ಮಾಡಿಕೊ, ಅಲ್ಲಿಂದ ಮುಂದೆ ಹೋಗು ಎಂದರಂತೆ ಸರ್. ನಾನು ಅವಳನ್ನು ತಡೆಯಬಹುದಿತ್ತು. ಬೇರೆ ವಿಷಯ ತಗೋ ಎಂದು ಒಂದು ಮಾತು—ಅದನ್ನೂ ಆಡಲಿಲ್ಲ.

ಅವಳ ಪುಡಿಯೂ ಗಂಟು ಕಟ್ಟಿತು. ಬಿಳಿ ಗಂಟು ನೋಡಿ ಲ್ಯಾಬಿನವರು, ‘ಮದ್ರಾಸಿನ್, ಆಜ್ ಇಡ್ಲೀ ಕೈಸೀ ಬನೀ?’ ಎಂದು, ದಕ್ಷಿಣದವರೆಲ್ಲ ಮದ್ರಾಸಿನವರೇ ಎಂಬಂತೆ, ಇವತ್ತಿನ ಇಡ್ಲಿ ಹೇಗಾಯಿತೆಂದು ಕೇಳುತ್ತಿದ್ದರಂತೆ. ಮೊದಲ ವರ್ಷ ಮನೆಗೆ ಬಂದು ಅದನ್ನು ಹೇಳಿಕೊಂಡು ನಗುತ್ತಿದ್ದಳು. ಎರಡನೆಯ ವರ್ಷ ಹೇಳುವುದನ್ನು ಬಿಟ್ಟಳು. ಅಕ್ಕನ ಕೈಗೆ ಬಂದದ್ದು ಇವಳ ಕೈಗೇಕೆ ಬರುವುದಿಲ್ಲ ಎಂದು ಸರ್ ಎಲ್ಲರೆದುರು ಮರಾಠಿಯಲ್ಲಿ ಕೇಳಿದ್ದನ್ನು ನನಗೆ ಹೇಳಿದ್ದು ಬೇರೆಯವರು.

ಒಂದು ಮೇ ತಿಂಗಳಲ್ಲಿ ನಾನು ಕಿಟಕಿಯ ಏರ್ ಕೂಲರಿಗೆ ನೀರು ತುಂಬುತ್ತಿದ್ದೆ. ಅವಳು ಬಂದು ಇನ್ನೊಂದು ಬಕೆಟ್ಟು ಕೊಟ್ಟಳು.

“ಅಕ್ಕಾ, ಥೀಸಿಸ್ ಬರಿಯೂಮುಂದ ಏನರ ಬಿಟ್ಟೀಯೇನ?”

ಆಗಷ್ಟೇ ಕಾಲೇಜಿನಲ್ಲಿ ನನ್ನ ನೌಕರಿ ಕಾಯಂ ಆಗಿತ್ತು. ನಾನು ತಲೆ ಎತ್ತಲಿಲ್ಲ.

“ಎಲ್ಲಾ ಬರೋಬರ್ ಬರದೀನಿ. ನಿನಗ ತಾಳ್ಮಿ ಇಲ್ಲ, ಅಷ್ಟ.”

ಅವಳು ಹೂಂ ಎಂದಳು. ಅದೇ ಬೇಸಗೆಯಲ್ಲಿ ಸಂಶೋಧನೆ ಬಿಟ್ಟಳು. ಈಗ ನಾಗಪುರದ ಹೊರಗಿನ ಬುಟಿಬೋರಿಯ ಒಂದು ರಬ್ಬರ್ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಅಲ್ಲಿಗೆ ಝಿಂಕ್ ಆಕ್ಸೈಡ್ ಚೀಲಗಟ್ಟಲೆ ಬರುತ್ತದೆ, ಅವಳು ಚೀಲ ಚುಚ್ಚಿ ಮಾದರಿ ತೆಗೆಯುತ್ತಾಳೆ. ಅವಳಿಗೆ ತಾಳ್ಮೆಯಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಇವತ್ತಿಗೂ ಹೇಳುತ್ತಾರೆ. ಆ ಮಾತು ಶುರುವಾದದ್ದು ನನ್ನ ಬಾಯಿಂದ.

ಕಳೆದ ತಿಂಗಳು ರದ್ದಿಯವನಿಗೆ ಹಾಕಲು ಅಟ್ಟದ ಕಾಗದ ಇಳಿಸಿದಾಗ ಅವಳ ಲ್ಯಾಬ್ ನೋಟುಬುಕ್ಕು ಸಿಕ್ಕಿತು. ಎರಡು ವರ್ಷದ ನಾಲ್ಕು ನಿಮಿಷಗಳು, ಪ್ರತಿಯೊಂದರ ಮುಂದೆ ‘ಗಂಟು’. ಕೊನೆಯ ಪುಟದಲ್ಲಿ, ಮೇ ಎಂಟನೆಯ ತಾರೀಖಿನ ಕೆಳಗೆ: ‘ಇವತ್ತು ಕುಲುಮೆಯಲ್ಲಿಟ್ಟು ನೋಡಿದೆ. ಅಕ್ಕನದರ ಹಾಗೇ ಬಂತು.’

ಅವಳು ನನ್ನನ್ನು ಕೇಳಿದ್ದು ಅದಕ್ಕಿಂತ ಮೊದಲೋ, ನಂತರವೋ? ಮೊದಲಾದರೆ ಅವಳು ದಾರಿ ಕಾಣದೆ ಕೇಳಿದ್ದು. ನಂತರವಾದರೆ ಎಲ್ಲ ತಿಳಿದು, ನನಗೆ ನಿಜ ಹೇಳಲು ಒಂದು ಅವಕಾಶ ಕೊಟ್ಟದ್ದು—ನಾನು ಅದನ್ನೂ... ಕೂಲರಿನ ಒದ್ದೆ ಹುಲ್ಲುಪರದೆಯ ವಾಸನೆ ನೆನಪಿದೆ, ಬಕೆಟ್ಟಿನ ಬಣ್ಣ ನೆನಪಿದೆ. ತಾರೀಖು ನೆನಪಿಲ್ಲ.

ಕಳೆದ ಭಾನುವಾರ ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ, ನೋಟುಬುಕ್ಕು ಮುಂದಿಟ್ಟೆ. ಅವಳು ತೆರೆಯಲಿಲ್ಲ. ಚಹಾ ಕುಡಿದಾಯಿತಲ್ಲ ಎಂದಳು, ಸೆಕೆಂಡ್ ಶಿಫ್ಟಿಗೆ ಹೊತ್ತಾಯಿತು ಎಂದು ಡಬ್ಬಿ ಬ್ಯಾಗಿಗೆ ಹಾಕಿಕೊಂಡಳು. ನಾನೂ ಹೆದ್ದಾರಿಯವರೆಗೆ ಜೊತೆಗೆ ನಡೆದೆ. ಕ್ಷಮಿಸು ಎನ್ನಲಿಲ್ಲ; ಅದು ಕೂಡ ಅವಳಿಂದ ಇನ್ನೂ ಏನನ್ನೋ ಬೇಡಿದಂತೆ ಅನ್ನಿಸಿತು. ಬಸ್ಸು ಕಾಣಿಸಿದಾಗ ಒಂದೇ ಒಂದು ಪ್ರಶ್ನೆ ಕೇಳಿದೆ. ಅವಳು ಹತ್ತಿ, ಆ ಕಡೆಯ ಕಿಟಕಿಗೆ ಕೂತಳು. ಇವತ್ತಿಗೆ ಆರು ದಿನ. ಫೋನ್ ಎತ್ತುತ್ತಾಳೆ, ಅಮ್ಮನ ಮಂಡಿನೋವಿನ ಬಗ್ಗೆ ವಿಚಾರಿಸುತ್ತಾಳೆ, ಇದೊಂದಕ್ಕೆ ಉತ್ತರ ಕೊಡುವುದಿಲ್ಲ—

“ಶೈಲಾ, ಅವತ್ತ ನನ್ನ ಕೇಳಿದಾಗ ನಿನಗ ಗೊತ್ತಿತ್ತೇನ?”