ಗೋಡೆಯ ಬಾಗಿಲಿಗೊಂದು ಕೋಣೆ

ವಿಡಿಯೋ ಗೇಮ್ ಎಂದರೆ ಕಣ್ಣು ಕೋರೈಸುವ ಚಿತ್ರಗಳೇ ಎಂದು ಬಹುಮಂದಿ ನಂಬಿರುವ ಕ್ಷೇತ್ರದಲ್ಲಿ, ಆಟ ಮೊದಲು ಬೆರಳಿಗೆ ಹಿಡಿಸಬೇಕು, ಕಣ್ಣಿಗೆ ಆಮೇಲೆ ಎಂದು ಮೂವತ್ತೊಂದು ವರ್ಷ ಪಟ್ಟುಹಿಡಿದು ದುಡಿದ ನಮ್ಮ ಹಿರಿಯ ವಿನ್ಯಾಸಕಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಪ್ರತಿ ಆಟವೂ ಮೊದಲ ವಾರ ಬರೀ ಬೂದು ಪೆಟ್ಟಿಗೆಗಳಾಗಿಯೇ ಇರುತ್ತಿತ್ತು: ಮರವೂ ಪೆಟ್ಟಿಗೆ, ಹುಲಿಯೂ ಪೆಟ್ಟಿಗೆ. ಆಡಿದವರು ತಾವಾಗಿಯೇ 'ಇನ್ನೊಂದು ಸಲ' ಎಂದರೆ ಮಾತ್ರ ಬಣ್ಣಕ್ಕೆ ಅಪ್ಪಣೆ. ಹೀಗಾಗಿ ಕಚೇರಿಗೆಲ್ಲ ಅವರು 'ಬೂದಕ್ಕ'. ಎದುರಿಗೇ ಹಾಗೆ ಕರೆದರೂ ಬೇಸರಿಸಿಕೊಂಡವರಲ್ಲ.

ಅವರ ಸೇವೆಯ ಹನ್ನೆರಡನೆಯ ವರ್ಷದಲ್ಲಿ ತಂಡಕ್ಕೆ ಚಿತ್ರಕಾರನೊಬ್ಬ ಸೇರಿದ. ಕೋಟೆಯ ಆಟವೊಂದರಲ್ಲಿ ಗೋಡೆ ಬಿಕೋ ಎನ್ನುತ್ತಿದೆಯೆಂದು, ಯಾರನ್ನೂ ಕೇಳದೆ, ಅದರ ಮೇಲೊಂದು ಮರದ ಬಾಗಿಲು ಬರೆದ. ಹಿತ್ತಾಳೆಯ ಹಿಡಿಕೆ ಕೈ ತಾಗಿ ತಾಗಿ ಸವೆದ ಹೊಳಪನ್ನೂ ಬಿಡಲಿಲ್ಲ. ಬಾಗಿಲು ತೆರೆಯುವಂಥದ್ದಲ್ಲ, ಬರೀ ಚಿತ್ರ. ಆಡಿ ನೋಡಲು ಕರೆಸಿದ ಇಪ್ಪತ್ತು ಜನರಲ್ಲಿ ಹದಿನೇಳು ಮಂದಿ ಸರಿಯಾದ ದಾರಿ ಬಿಟ್ಟು ಅದನ್ನೇ ತಟ್ಟುತ್ತ ನಿಂತರು. ಒಬ್ಬ ಹೆಂಗಸು ಗುಂಡಿ ಒತ್ತಿ ಒತ್ತಿ ಸಾಕಾಗಿ, "ಇದೇನ್ರೀ, ಒಳಗಿಂದ ಚಿಲಕ ಹಾಕ್ಕೊಂಡು ಮಲಗಿಬಿಟ್ಟಿದ್ದಾರಾ?" ಎಂದು ರೇಗಿದರು.

ಚಿತ್ರಕಾರನ ಪ್ರೊಬೇಷನ್ ಮುಗಿಯಲು ಮೂರು ವಾರವಿತ್ತು. ಅವನನ್ನು ಕಳುಹಿಸಿಬಿಡುವುದೆಂದು ವ್ಯವಸ್ಥಾಪಕರು ಆಗಲೇ ಹೇಳಿಯಾಗಿತ್ತು. ಅವನು ಬೂದಕ್ಕನ ಮೇಜಿನ ಬಳಿ ಹೋಗಿ ನಿಂತ.

"ತಪ್ಪಾಯ್ತು ಅಕ್ಕ. ಅಳಿಸಿಬಿಡ್ತೀನಿ."

"ತಪ್ಪೇನೋ ಆಯ್ತು, ನನ್ನ ಕೇಳ್ದೆ ಬಾಗಿಲಿಟ್ಟೆ," ಎನ್ನುತ್ತ ಅವರು ಕುರ್ಚಿ ಎಳೆದುಕೊಟ್ಟರು. "ಆದ್ರೆ ನಾನು ಬಾಣ ಹಾಕಿ ದಾರಿ ತೋರಿಸಿದ್ರೂ ಹೋಗ್ದೇ ಇದ್ದ ಜನ, ನೀನು ಬರೆದ ಹಿಡಿಕೆಗೆ ಕೈ ಚಾಚಿದ್ರಲ್ಲಪ್ಪಾ! ಬಾಗಿಲು ಇರ್ಲಿ. ಹಿಂದೆ ಒಂದು ಕೋಣೆ ಕಟ್ಟೋಣ. ದಾರಿ ಅಲ್ಲಿಂದ್ಲೇ ಹೋಗ್ಲಿ."

ಆರು ವಾರ ಕೂತು ಬರೆದಿದ್ದ ತಮ್ಮ ನಕ್ಷೆಯನ್ನು ಅವರು ಬದಿಗಿಟ್ಟು ಹೊಸದು ಬರೆದರು. ಹೊಸ ಕೋಣೆಯೂ ಒಂದು ವಾರ ಬೂದು ಪೆಟ್ಟಿಗೆಯಾಗಿಯೇ ಇರಬೇಕಾಯಿತು. ಆ ವಿಷಯದಲ್ಲಿ ರಿಯಾಯಿತಿಯಿಲ್ಲ. ಬಣ್ಣ ಬಳಿದ ಮೇಲೆ ಮತ್ತೆ ಇಪ್ಪತ್ತು ಜನ ಬಂದರು, ಅಷ್ಟೂ ಮಂದಿ ಒಳಹೊಕ್ಕರು. ವ್ಯವಸ್ಥಾಪಕರಿಗೆ ಕೊಟ್ಟ ವರದಿಯಲ್ಲಿ 'ದಾರಿಯ ವಿನ್ಯಾಸ' ಎಂಬುದರ ಎದುರು ಅಕ್ಕ ಬರೆದದ್ದು ಚಿತ್ರಕಾರನ ಹೆಸರನ್ನು. ಅವನು ಉಳಿದ. ಹತ್ತೊಂಬತ್ತು ವರ್ಷವಾಯಿತು, ಅದೇ ಕಚೇರಿಯಲ್ಲಿದ್ದಾನೆ.

ನಿವೃತ್ತಿಯೆಂದು ಸುಮ್ಮನೆ ಕೂರುವವರಲ್ಲ ಅಕ್ಕ. ಕಣ್ಣು ಕಾಣದ ಮಕ್ಕಳಿಗಾಗಿ ಬರೀ ಸದ್ದಿನಿಂದ ಆಡುವ ಆಟವೊಂದನ್ನು ಶುರುಮಾಡಿದ್ದಾರೆ. ಮೊದಲ ಕರೆ ಹೋದದ್ದು ಚಿತ್ರಕಾರನಿಗೆ.

"ಚಿತ್ರವೇ ಇಲ್ವಲ್ಲಕ್ಕ, ನಾನು ಬಂದೇನು ಮಾಡ್ಲಿ?"

"ಕಣ್ಣು ಮುಚ್ಕೊಂಡು ಆಡು. ಬೇಜಾರಾದ್ರೆ ಮುಲಾಜಿಲ್ದೆ ಹೇಳು."

ಅದು ಮುಗಿಯಲು ಇನ್ನೂ ನಾಲ್ಕು ವರ್ಷ ಬೇಕಂತೆ. ಅದಾದ ಮೇಲೆ ಮತ್ತೊಂದನ್ನೂ, ಮಗದೊಂದನ್ನೂ ಕಟ್ಟುವಷ್ಟು ಆಯಸ್ಸು, ಆರೋಗ್ಯ ಅವರಿಗಿರಲಿ. ಪ್ರತಿ ಸಲವೂ ಅವರೆದುರು ಕೂತು ಮೊದಲು ಆಡುವ ಭಾಗ್ಯ ಇದನ್ನು ಬರೆಯುತ್ತಿರುವ ಈ ಚಿತ್ರಕಾರನದಾಗಲಿ.